ಮಗಳಿದ್ದಾಳೆ ಅಂತ ಮೊದಲೇ ಹೇಳಬೇಕಿತ್ತು

2022ರಲ್ಲಿ ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾಗೆ ಸೇರಿದಾಗ ನನಗೆ 29 ವರ್ಷ, ಮಗಳಿಗೆ ಆರು. ಗಂಡನ ಮನೆ ಬಿಟ್ಟು ಬಂದು ಎರಡು ವರ್ಷವಾಗಿತ್ತು. ಹರಿಹರದಲ್ಲಿ ಒಂದು ರೂಮಿನ ಬಾಡಿಗೆ ಮನೆ, ಕಾಲೇಜು ದಾವಣಗೆರೆಯಲ್ಲಿ. ಈ ಕೋರ್ಸಿಗೆ 35 ವರ್ಷದವರೆಗೂ ಸೇರಬಹುದು ಅಂತ ಗೊತ್ತಾದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಕ್ಲಾಸಿನಲ್ಲಿ ಎಲ್ಲರೂ 18, 19ರ ಹುಡುಗಿಯರು. ಮಗು ಇದೆ ಅಂದರೆ 'ಇವಳಿಂದ ಆಗಲ್ಲ' ಅಂತಾರೇನೋ ಅನ್ನೋ ಭಯಕ್ಕೆ ಯಾರಿಗೂ ಹೇಳಲಿಲ್ಲ. ನಾನು ಮಾಡಿದ ದೊಡ್ಡ ತಪ್ಪು ಅದೇ.

ವಾರ್ಡಿನಲ್ಲಿ ಡ್ಯೂಟಿ ಇದ್ದಾಗ ಮೊಬೈಲ್ ಬ್ಯಾಗಿನಲ್ಲೇ ಇರಬೇಕು. ಒಂದು ದಿನ ಮಧ್ಯಾಹ್ನ ಡ್ಯೂಟಿ ಮುಗಿಸಿ ನೋಡಿದರೆ ಮಗಳ ಶಾಲೆಯಿಂದ 11 ಮಿಸ್ಡ್ ಕಾಲ್. ಅವಳಿಗೆ ಜ್ವರ. ಬಸ್ ಹಿಡಿದು ಹರಿಹರ ಮುಟ್ಟುವಷ್ಟರಲ್ಲಿ ಮೂರೂವರೆ. ಸ್ಕೂಲ್ ಬ್ಯಾಗನ್ನೇ ದಿಂಬು ಮಾಡಿಕೊಂಡು ಬೆಂಚಿನ ಮೇಲೆ ಮಲಗಿದ್ದಳು. ಬೆಳಗ್ಗೆಯಿಂದ ಹನ್ನೆರಡು ಜನರ ಟೆಂಪರೇಚರ್ ನೋಡಿ ಬರೆದಿದ್ದೆ. ನನ್ನ ಮಗಳ ಹಣೆ ಮುಟ್ಟಿ ನೋಡಲು ನಾನಿರಲಿಲ್ಲ.

ಮರುದಿನ ಮೇಡಂ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. "ಇಷ್ಟು ದಿನ ಯಾಕಮ್ಮ ಮುಚ್ಚಿಟ್ಟೆ? ಶಾಲೆಯವರಿಗೆ ನನ್ನ ನಂಬರ್ ಕೊಟ್ಟಿರು" ಅಂದರು. ಅಷ್ಟೇ ಸಾಕಾಗಿತ್ತು. ಹಾಜರಿ ಲೆಕ್ಕವನ್ನೂ ಅವರೇ ಕೂರಿಸಿ ಹೇಳಿಕೊಟ್ಟರು. ಪರೀಕ್ಷೆಗೆ ಕೂರಲು 80 ಪರ್ಸೆಂಟ್ ಬೇಕು, ಆದರೆ ಪ್ರಾಕ್ಟಿಕಲ್ ಹಾಜರಿ ಮಾತ್ರ, ಡಿಪ್ಲೊಮಾ ಕೈಗೆ ಬರುವುದರೊಳಗೆ, ಪೂರ್ತಿ 100 ಆಗಲೇಬೇಕು. ತಪ್ಪಿಸಿದ ದಿನವನ್ನು ಆಮೇಲೆ ಮಾಡಿಕೊಡಲೇಬೇಕು. ಅಂದಿನಿಂದ ನನ್ನ ರಜೆಗಳೆಲ್ಲ ಮಗಳ ಜ್ವರಕ್ಕೆ ಮೀಸಲು. ಮದುವೆ, ಗೃಹಪ್ರವೇಶ ಯಾವುದಕ್ಕೂ ಹೋಗಲಿಲ್ಲ. ನೆಂಟರು ಬೇಜಾರು ಮಾಡಿಕೊಂಡರು, ಮಾಡಿಕೊಳ್ಳಲಿ ಅಂತ ಸುಮ್ಮನಾದೆ.

ಹೊಟ್ಟೆಪಾಡಿಗೆ ಸೀರೆಗೆ ಫಾಲ್ ಹಾಕುತ್ತಿದ್ದೆ. ಟೈಲರ್ ಅಕ್ಕ ಒಬ್ಬರು ಗಂಟು ಕಟ್ಟಿ ಕೊಡುತ್ತಿದ್ದರು, ಒಂದಕ್ಕೆ 40 ರೂಪಾಯಿ. ಅಂಗಡಿ ಕೆಲಸಕ್ಕೆ ಹೋದರೆ ದುಡ್ಡು ಜಾಸ್ತಿ ಸಿಗುತ್ತಿತ್ತು, ನಿಜ. ಆದರೆ ಸಂಜೆಯೂ ಮಗಳನ್ನು ಬಿಟ್ಟು ಹೋಗಬೇಕಲ್ವಾ? ಕೈಹೊಲಿಗೆಯಲ್ಲಿ ಕೈಗೆ ಕೆಲಸ, ಕಿವಿ ಖಾಲಿ. ನಾನು ಓದಿದ್ದೆಲ್ಲ ಕನ್ನಡ ಮೀಡಿಯಂ, ಇಲ್ಲಿ ಪುಸ್ತಕವೆಲ್ಲ ಇಂಗ್ಲಿಷ್. ಹಾಗಾಗಿ ಪಾಠದ ಒಂದೊಂದು ಸಾಲು ಇಂಗ್ಲಿಷಿನಲ್ಲಿ ಓದಿ, ಕೆಳಗೇ ಕನ್ನಡದಲ್ಲಿ ಬಿಡಿಸಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಒಂದು ಸೀರೆಗೆ ಮುಕ್ಕಾಲು ಗಂಟೆ ಬೇಕು. ಒಂದು ಪಾಠಕ್ಕೂ ಅಷ್ಟೇ. ಹೃದಯದ ರಕ್ತ ಸಂಚಾರ ಇವತ್ತಿಗೂ ನನಗೆ ಒಂದು ಕೆಂಪಂಚಿನ ಸೀರೆಯ ಜೊತೆಗೇ ನೆನಪಾಗುತ್ತದೆ.

ಡ್ರಿಪ್ ಲೆಕ್ಕ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. 500 ಎಂಎಲ್ ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಹಾಕುವ ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 20 ಹನಿ, ಹಾಗಾದರೆ ನಿಮಿಷಕ್ಕೆ ಎಷ್ಟು? 500ನ್ನು 20ರಿಂದ ಗುಣಿಸಿ 480 ನಿಮಿಷಕ್ಕೆ ಭಾಗಿಸಿದರೆ ಹತ್ತಿರ ಹತ್ತಿರ 21. ಒಂದು ರಾತ್ರಿ ಬಚ್ಚಲ ನಲ್ಲಿಯನ್ನು ಸಣ್ಣಗೆ ಬಿಟ್ಟು, ವಾಚ್ ಹಿಡಿದು ಕೂತೆ. ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹನಿ ಎಣಿಸಿದಳು. ಮೊದಲು 34 ಬಂತು. ನಲ್ಲಿ ತಿರುಗಿಸಿದೆ, 26. ಇನ್ನೊಂಚೂರು. "ಅಮ್ಮಾ, ಇಪ್ಪತ್ತೊಂದು!" ಅಂತ ಕೂಗಿದಳು. ಅವತ್ತಿನಿಂದ ನನ್ನ ಓದು ಅವಳಿಗೂ ಸೇರಿದ್ದಾಯಿತು. ನಾನು ಬರೆಯುವಾಗ ಅವಳೂ ಕಾಪಿ ತೆಗೆದು ಕೂರುತ್ತಿದ್ದಳು, ಹೇಳಬೇಕಾಗಿರಲಿಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಖರ್ಚೂ ನಿಂತಿತು. ಆ ದುಡ್ಡು ಅವಳ ಹಾಲಿಗೆ ಹೋಯಿತು.

ಎರಡನೇ ವರ್ಷ ಮಾನಸಿಕ ಆರೋಗ್ಯದ ಪೋಸ್ಟಿಂಗ್‌ಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಹೋಗಬೇಕಾಯಿತು. ಅಷ್ಟು ದಿನ ಮಗಳನ್ನು ಬಿಟ್ಟು ಇದ್ದೇ ಇರಲಿಲ್ಲ. ಈ ಸಲ ಮುಚ್ಚಿಡಲಿಲ್ಲ. ಎರಡು ತಿಂಗಳು ಮುಂಚೆಯೇ ಮನೆ ಓನರ್ ಅಜ್ಜಿಗೆ ಹೇಳಿದೆ. ಅಜ್ಜಿ ನನ್ನ ಮುಖ ನೋಡಿ, "ನೀ ಹೋಗವ್ವ, ಇವಳು ನನ್ನ ಮೊಮ್ಮಗಳಲ್ಲೇನು?" ಅಂದರು. ಮೊದಲ ವಾರ ಅವಳು ಫೋನಿನಲ್ಲಿ ಅಳುತ್ತಿದ್ದಳು. ನಾನು ಹಾಸ್ಟೆಲ್ ಬಾತ್‌ರೂಮಿನಲ್ಲಿ ಅಳುತ್ತಿದ್ದೆ. ಎರಡನೇ ವಾರದಿಂದ ಅಜ್ಜಿ ಮಾಡಿದ ಮಂಡಕ್ಕಿ ಒಗ್ಗರಣೆಯದೇ ಸುದ್ದಿ.

ಕೋರ್ಸ್ ಮುಗಿದು, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಆಗಿ ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ, ಹೆಸರಾದ ಮೇಲೆ ನಾನು ಹೇಳಿದ ಮೊದಲ ಮಾತೇ "ಮಗಳನ್ನು ಒಬ್ಬಳೇ ಸಾಕುತ್ತಿದ್ದೇನೆ" ಅಂತ. ನೈಟ್ ಡ್ಯೂಟಿ ಬೇಡ ಅನ್ನಲಿಲ್ಲ. ಡ್ಯೂಟಿ ಪಟ್ಟಿ ಹದಿನೈದು ದಿನ ಮೊದಲೇ ಕೊಟ್ಟರೆ ಸಾಕು ಅಂದೆ. ಒಪ್ಪಿದರು. ನೈಟ್ ಇದ್ದ ದಿನ ಅಜ್ಜಿ ಚಾಪೆ ತಂದು ನಮ್ಮ ಮನೆಯಲ್ಲೇ ಮಲಗುತ್ತಾರೆ.