ಶರತ್ಕಾಲದ ಚಾರಣಕ್ಕೆ ಉಡುಪು, ಸಾಮಗ್ರಿ ಆರಿಸುವುದು ಹೇಗೆ?

ನಡು ಮಧ್ಯಾಹ್ನದ ಬಿಸಿಲಿನಲ್ಲಿ ತೋಳು ಮಡಚಿಕೊಂಡು ಬೆಟ್ಟ ಹತ್ತಿದವರೇ ಸೂರ್ಯ ಮುಳುಗಿದ ಅರ್ಧ ಗಂಟೆಯೊಳಗೆ ಹಲ್ಲು ಕಟಕಟಿಸುತ್ತಾ ಕೂರುವಂತಾಗುವುದು ಶರತ್ಕಾಲದಲ್ಲಿ ಅಪರೂಪವೇನಲ್ಲ. ಚಳಿಗಾಲದಲ್ಲಾದರೆ ಎಲ್ಲರೂ ಚಳಿಗೆ ಸಿದ್ಧರಾಗಿಯೇ ಹೊರಡುತ್ತಾರೆ. ಈ ಋತುವಿನಲ್ಲಿ ಕಾಡುವುದು ಬರಿಯ ಚಳಿಯಲ್ಲ, ಮೈಮೇಲೆ ಉಳಿದ ತೇವ. ಆ ತೇವ ಮಳೆಯದಾಗಿರಬಹುದು, ಇಬ್ಬನಿಯದಾಗಿರಬಹುದು. ಬಹಳಷ್ಟು ಸಲ ಅದು ನಮ್ಮದೇ ಬೆವರು.

ಬಟ್ಟೆ ಆರಿಸುವ ಮೊದಲು ಹವಾಮಾನ ಮುನ್ಸೂಚನೆಯಲ್ಲಿ ಹಗಲಿನ ಗರಿಷ್ಠ ಉಷ್ಣಾಂಶವನ್ನಲ್ಲ, ರಾತ್ರಿಯ ಕನಿಷ್ಠ ಉಷ್ಣಾಂಶವನ್ನು ನೋಡಬೇಕು. ಸಾವಿರ ಮೀಟರ್ ಎತ್ತರಕ್ಕೆ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುವುದರಿಂದ, ಬುಡದ ಊರಿನಲ್ಲಿ 10 ಡಿಗ್ರಿ ಇರುವಾಗ ಅಲ್ಲಿಂದ ಸಾವಿರ ಮೀಟರ್ ಮೇಲಿನ ಶಿಬಿರದಲ್ಲಿ ಮೂರೂವರೆ ಡಿಗ್ರಿ ಇರಬಹುದೆಂದು ಲೆಕ್ಕ ಹಾಕಿಕೊಳ್ಳಬೇಕು. ಗಾಳಿ ಬೀಸಿದರೆ ಮೈಗೆ ತಟ್ಟುವ ಚಳಿ ಇನ್ನೂ ಹೆಚ್ಚು.

ಉಡುಪಿನ ವಿಷಯದಲ್ಲಿ ಒಂದೇ ದಪ್ಪ ಸ್ವೆಟರಿಗಿಂತ ಮೂರು ತೆಳು ಪದರಗಳು ಹೆಚ್ಚು ಉಪಯುಕ್ತ. ಮೈಗೆ ಅಂಟಿಕೊಳ್ಳುವ ಒಳಪದರ ಮೆರಿನೊ (ನಯವಾದ ಎಳೆಯ ಕುರಿತಳಿ) ಉಣ್ಣೆಯದೋ ಪಾಲಿಯೆಸ್ಟರಿನದೋ ಆಗಿರಬೇಕು. ಹತ್ತಿ ಬಟ್ಟೆ ದಿನನಿತ್ಯಕ್ಕೆ ಹಿತವಾದರೂ ಬೆವರನ್ನು ಹೀರಿಕೊಂಡು ಬೇಗ ಒಣಗದೆ ಉಳಿಯುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುವುದರಿಂದ, ವಿಶ್ರಾಂತಿಗೆಂದು ಕುಳಿತ ಕೂಡಲೇ ಆ ಒದ್ದೆ ಅಂಗಿ ಮೈಯ ಬಿಸಿಯನ್ನು ಕಸಿಯತೊಡಗುತ್ತದೆ. ಜೀನ್ಸ್ ಪ್ಯಾಂಟೂ ಹತ್ತಿಯದೇ ಎಂಬುದನ್ನು ಹಲವರು ಮರೆಯುತ್ತಾರೆ. ಉಣ್ಣೆಯಾದರೋ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಗಳೊಳಗೆ ಇಟ್ಟುಕೊಂಡೂ ಮೈಗೆ ತಣ್ಣಗೆನಿಸುವುದಿಲ್ಲ, ವಾಸನೆಯೂ ಬೇಗ ಹಿಡಿಯುವುದಿಲ್ಲ. ಆದರೆ ಪಾಲಿಯೆಸ್ಟರಿನಷ್ಟು ಬೇಗ ಒಣಗುವುದಿಲ್ಲ.

ನಡುಪದರಕ್ಕೆ ಫ್ಲೀಸ್, ಅಂದರೆ ಉಣ್ಣೆಯಂತೆ ಮೆತ್ತಗಿರುವ ಕೃತಕ ಎಳೆಯ ಬಟ್ಟೆ, ಸಾಕು. ಹಕ್ಕಿಯ ನವಿರುಪುಕ್ಕ ತುಂಬಿದ ಜಾಕೆಟ್ ಹಗುರವೂ ಬೆಚ್ಚಗೂ ಇರುತ್ತದೆ, ಆದರೆ ನೆನೆದರೆ ಪುಕ್ಕ ಮುದ್ದೆಯಾಗಿ ಗಾಳಿಯನ್ನು ಹಿಡಿದಿಡಲಾರದು. ಮಳೆಯ ಸಂಭವವಿದ್ದರೆ ಕೃತಕ ಎಳೆ ತುಂಬಿದ ಜಾಕೆಟ್ಟೇ ಮೇಲು. ಹೊರಪದರ ನೀರನ್ನೂ ಗಾಳಿಯನ್ನೂ ತಡೆಯಬೇಕು, ಜೊತೆಗೆ ಒಳಗಿನ ಆವಿಯನ್ನು ಹೊರಬಿಡಬೇಕು. ಕಂಕುಳಡಿ ಜಿಪ್ ಇರುವ ಜಾಕೆಟ್ ಸಿಕ್ಕರೆ ಅದನ್ನೇ ಆರಿಸಬೇಕು, ಏಕೆಂದರೆ ಏರುಹಾದಿಯಲ್ಲಿ ಎಷ್ಟು ಒಳ್ಳೆಯ ಬಟ್ಟೆಯಾದರೂ ನಾವು ಬೆವರುವಷ್ಟು ವೇಗವಾಗಿ ಆವಿಯನ್ನು ಹೊರಹಾಕಲಾರದು. ಇಷ್ಟೆಲ್ಲ ಕೊಂಡರೂ ಬಳಸುವ ಕ್ರಮ ತಿಳಿಯದಿದ್ದರೆ ಪ್ರಯೋಜನವಿಲ್ಲ: ತುಸು ಚಳಿಯೆನಿಸುವಾಗಲೇ ನಡಿಗೆ ಆರಂಭಿಸಬೇಕು, ಬೆವರೊಡೆಯುವ ಮೊದಲೇ ಒಂದು ಪದರ ಕಳಚಬೇಕು, ನಿಂತ ತಕ್ಷಣ ಮತ್ತೆ ತೊಡಬೇಕು.

ಬೂಟುಗಳನ್ನು ಸಂಜೆಯ ಹೊತ್ತು, ಚಾರಣದಲ್ಲಿ ಹಾಕುವ ಕಾಲುಚೀಲವನ್ನೇ ತೊಟ್ಟು ಅಳತೆ ನೋಡಬೇಕು. ದಿನವಿಡೀ ಓಡಾಡಿದ ಪಾದ ತುಸು ಊದಿಕೊಂಡಿರುತ್ತದೆ. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ತಾಗದಷ್ಟು ಜಾಗವಿರಲಿ. ಒದ್ದೆ ತರಗೆಲೆ ಕಲ್ಲನ್ನೂ ಬೇರನ್ನೂ ಮುಚ್ಚಿ ಜಾರಿಸುವುದರಿಂದ ಅಟ್ಟೆಯ ಹಲ್ಲುಗಳು ಆಳವಾಗಿರಬೇಕು. ಟೋಪಿ, ಕೈಗವಸು ತೂಕವಿಲ್ಲದ ವಸ್ತುಗಳು, ಬಿಟ್ಟುಹೋಗಲು ಕಾರಣವೇ ಇಲ್ಲ. ಬೇಟೆಗೆ ಅನುಮತಿಯಿರುವ ಕಾಡಾದರೆ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಮೇಲಂಗಿ ತೊಡುವುದು ಕ್ಷೇಮ.

ರಾತ್ರಿಯ ವ್ಯವಸ್ಥೆಯಲ್ಲಿ ಎಲ್ಲರೂ ಸ್ಲೀಪಿಂಗ್ ಬ್ಯಾಗಿಗೆ ಹಣ ಸುರಿದು ಕೆಳಗಿನ ಹಾಸನ್ನು ಕಡೆಗಣಿಸುತ್ತಾರೆ. ಮೈಯ ಭಾರಕ್ಕೆ ಬ್ಯಾಗಿನ ಕೆಳಭಾಗ ಅಪ್ಪಚ್ಚಿಯಾಗಿ ಅಲ್ಲಿ ಬೆಚ್ಚಗಿಡುವ ಗಾಳಿಯೇ ಉಳಿಯುವುದಿಲ್ಲ; ನೆಲದ ತಂಪನ್ನು ತಡೆಯುವುದು ಹಾಸು ಮಾತ್ರ. ಹಾಸಿನ ಮೇಲೆ ನಮೂದಿಸಿರುವ ಆರ್-ಮೌಲ್ಯ ಹೆಚ್ಚಿದ್ದಷ್ಟೂ ತಡೆ ಹೆಚ್ಚು, ಎರಡು ಹಾಸುಗಳನ್ನು ಒಂದರ ಮೇಲೊಂದು ಹಾಕಿದರೆ ಆ ಮೌಲ್ಯಗಳು ಕೂಡಿಕೊಳ್ಳುತ್ತವೆ. ಬ್ಯಾಗಿನ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಉಷ್ಣಾಂಶಗಳಿರುತ್ತವೆ: ಒಂದು ಹಿತವಾಗಿ ನಿದ್ರಿಸಬಹುದಾದದ್ದು, ಇನ್ನೊಂದು ಮುದುಡಿಕೊಂಡು ಹೇಗೋ ಕಳೆಯಬಹುದಾದ ಮಿತಿ. ಕೊಳ್ಳುವಾಗ ಮೊದಲನೆಯದನ್ನೇ ನಂಬಬೇಕು.

ಡೇರೆಯ ಗಾಳಿಕಿಂಡಿಗಳನ್ನು ಚಳಿಯೆಂದು ಮುಚ್ಚಿದರೆ ಉಸಿರಿನ ಆವಿಯೇ ಹನಿಗಟ್ಟಿ ಹಾಸಿಗೆ ತೋಯುತ್ತದೆ. ಡೇರೆಯೊಳಗೆ ಒಲೆ ಹಚ್ಚುವುದಂತೂ ಬೇಡವೇ ಬೇಡ. ಬೆಂಕಿಯ ಅಪಾಯದ ಜೊತೆಗೆ, ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಎರವಾಗುತ್ತದೆ. ಒಲೆಯ ಅನಿಲದ ಡಬ್ಬಿಯ ಮೇಲಿನ ಬರಹವನ್ನೂ ಓದಬೇಕು: ಬ್ಯೂಟೇನ್ ಕುದಿಯುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಆದ್ದರಿಂದ ತಣ್ಣನೆಯ ಮುಂಜಾವದಲ್ಲಿ ಬರಿಯ ಬ್ಯೂಟೇನ್ ಉರಿಯಲು ತಿಣುಕುತ್ತದೆ, ಐಸೊಬ್ಯೂಟೇನ್ ಮತ್ತು ಪ್ರೊಪೇನ್ ಬೆರೆತ ಡಬ್ಬಿ ಕೈಕೊಡುವುದು ಕಡಿಮೆ.

ಹಗಲು ಬೇಗಬೇಗನೆ ಕಿರಿದಾಗುವ ಕಾಲವಿದು, ಸಂಜೆಗೆ ಮೊದಲೇ ಮರಳುವ ಯೋಜನೆಯಿದ್ದರೂ ಹೆಡ್‌ಲ್ಯಾಂಪ್ ಚೀಲದಲ್ಲಿರಬೇಕು. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುವುದರಿಂದ ಹೆಚ್ಚುವರಿ ಸೆಲ್‌ಗಳನ್ನು ಒಳಜೇಬಿನಲ್ಲಿ, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಬೇಕು. ಕೊನೆಯದಾಗಿ ಚೀಲ ತುಂಬುವಾಗ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಹರಡಿ, ಮಲಗುವಾಗ ಮಾತ್ರ ತೊಡುವ ಒಣ ಅಂಗಿ ಮತ್ತು ಕಾಲುಚೀಲಗಳನ್ನು ಅದರ ತಳದಲ್ಲಿ ಬಿಗಿಯಾಗಿ ಸುತ್ತಿಡಬೇಕು. ಮಳೆಯ ಜಾಕೆಟ್ ಎಲ್ಲಕ್ಕಿಂತ ಮೇಲೆ, ಕೈಗೆಟಕುವಂತಿರಲಿ.