ಹೊತ್ತು ಮುಳುಗಿದ ಮ್ಯಾಲ ಫಿಕ್ಸ್ ಯಾಕ ಹೋಗ್ತದ: ನನ್ನ ಅನುಭವ

ನಾ ಕಲಬುರಗಿ ಜಿಲ್ಲಾದಾಗ ಸರ್ವೆ ಕೆಲಸ ಮಾಡ್ತೀನಿ. ಬ್ಯಾಸಗಿ ಬಂತಂದ್ರ ನಮ್ಮಲ್ಲಿ ಹನ್ನೊಂದರ ಮ್ಯಾಲ ಹೊಲದಾಗ ನಿಂದ್ರಾಕ ಆಗಲ್ಲ, ಹಂಗಾಗಿ 2024ರ ಮಾರ್ಚ್‌ನಾಗ ಸೇಡಂ ಕಡಿ ಒಂದು ಹೊಲದ ಅಳತಿ ಸಂಜಿಮುಂದ ಹಿಡಕೊಂಡೆ. ತೊಗರಿ ರಾಶಿ ಮುಗದು ಹೊಲ ಖಾಲಿ ಬಿದ್ದಿತ್ತು, ಗಿಡ ಇಲ್ಲ, ಮನಿ ಇಲ್ಲ, ಆಕಾಶ ಪೂರಾ ತೆರದದ, ಆರ್‌ಟಿಕೆ ಜಿಪಿಎಸ್‌ಗೆ (ಗೊತ್ತಿರೋ ಜಾಗದಾಗ ಇಟ್ಟ ಬೇಸ್ ರಿಸೀವರ್ ರೇಡಿಯೋದಾಗ ತಿದ್ದುಪಡಿ ಕಳಸ್ತದ, ಅದರಿಂದ ಸೆಂಟಿಮೀಟರ್ ತನಕ ಅಳಿಯೋ ಜಿಪಿಎಸ್) ಇದಕ್ಕಿಂತ ಚಲೋ ಜಾಗ ಸಿಗಲ್ಲ.

ಏಳೂವರಿ ತನಕ ಫಿಕ್ಸ್, ಅಂದ್ರ ರಿಸೀವರಿಗೆ ಜಾಗ ಕರಾರುವಾಕ್ಕಾಗಿ ಸಿಕ್ಕ ಸ್ಥಿತಿ, ಗಟ್ಟಿ ಇತ್ತು, ಎರಡು ಸೆಂಟಿಮೀಟರ್ ಒಳಗ. ಎಂಟರ ಸುಮಾರಿಗೆ ಫಿಕ್ಸ್ ಹೋಗಿ ಫ್ಲೋಟ್ (ಬರೇ ಅಂದಾಜಿನ ಜಾಗ) ಬಂತು, ಮತ್ತ ಫಿಕ್ಸ್, ಮತ್ತ ಫ್ಲೋಟ್. ನಡುವ ಒಮ್ಮೆ ಫಿಕ್ಸ್ ತೋರಿಸಿದಾಗ ಮೂಲಿ ಪಾಯಿಂಟ್ ತಗೊಂಡು ಗೂಟ ಬಡದೆ. ಮರುದಿನ ಮುಂಜಾನಿ ಅದ ಗೂಟದ ಮ್ಯಾಲ ಪೋಲ್ ಹಚ್ಚಿದ್ರ 41 ಸೆಂಟಿಮೀಟರ್ ಫರಕು! ಅಣ್ಣತಮ್ಮಂದಿರ ನಡುವಿನ ಬದು ಅದು, ಒಂದು ಗೇಣು ಸರದ್ರೂ ಮಕ್ಕಳ ಕಾಲಕ್ಕೂ ಜಗಳ ಮುಗಿಯಲ್ಲ. ಇಬ್ಬರನ್ನೂ ಕರದು ನಿನ್ನಿ ಅಳತಿ ತಪ್ಪದ ಅಂತ ಹೇಳಿ ಗೂಟ ಕಿತ್ತು ಹೊಸದಾಗಿ ಬಡದೆ.

ಬ್ಯಾಟರಿ, ಕೇಬಲ್, ಬೇಸಿನ ರೇಡಿಯೋ ಎಲ್ಲಾ ಬದಲಿ ಮಾಡಿ ನೋಡಿದೆ, ಸಂಜಿ ಆದ ಕೂಡಲೆ ಅದ ಕಥಿ. ಆಮ್ಯಾಲ ರಿಸೀವರ್ ಮನಿ ಮಾಳಗಿ ಮ್ಯಾಲ ಒಂದ ಕಡಿ ನಿಲ್ಲಿಸಿ ಹತ್ತು ಸಂಜಿ ಲಾಗ್ ಮಾಡಿದೆ, ನಾನೂ ಬಾಜೂಕ ಕುಂತು ಸ್ಕ್ರೀನ್ ನೋಡ್ಕೋತ ಇದ್ದೆ. 45 ಡೆಸಿಬಲ್-ಹರ್ಟ್ಸ್ (ಸಿಗ್ನಲ್ ಎಷ್ಟು ಗಟ್ಟಿ ಅದ ಅನ್ನೋ ಅಳತಿ) ಇದ್ದ ಸಿಗ್ನಲ್ ಒಂದೆರಡು ಸೆಕೆಂಡಿನಾಗ 28ಕ್ಕ ಬಿದ್ದು ಮತ್ತ ಮ್ಯಾಲ ಏಳ್ತಿತ್ತು, ಮತ್ತ ಬೀಳ್ತಿತ್ತು, ಚುಕ್ಕಿ ಮಿಣಕ್ ಮಿಣಕ್ ಅಂದಂಗ. ಎಲ್ಲಾ ಸ್ಯಾಟಲೈಟು ಒಮ್ಮೆಗೇ ಅಲ್ಲ, ಮೊದಲ ಪಡುವಣದವು, ಸ್ವಲ್ಪ ಹೊತ್ತಿಗೆ ನೆತ್ತಿ ಮ್ಯಾಲಿನವು, ಆಮ್ಯಾಲ ಮೂಡಣದವು. ಏನೋ ಒಂದು ಮ್ಯಾಲಿಂದ ದಾಟಿ ಹೊಂಟದ ಅಂತ ಆವಾಗ ಖಾತ್ರಿ ಆತು.

ಅದು ಪ್ಲಾಸ್ಮಾ ಗುಳ್ಳಿ. ಹಗಲೊತ್ತು ಬಿಸಲು ಮ್ಯಾಲಿನ ಗಾಳಿ ಒಡದು ಎಲೆಕ್ಟ್ರಾನ್ ಹುಟ್ಟಿಸ್ತದ, ಅದ ಅಯಾನುಗೋಳ. ಹೊತ್ತು ಮುಳುಗಿದ್ರ ಕೆಳಗಿನ ಪದರಾಗ ಎಲೆಕ್ಟ್ರಾನ್ ಲಗೂನ ಖಾಲಿ ಆಗ್ತಾವ, 300-400 ಕಿಲೋಮೀಟರ್ ಮ್ಯಾಲ ಇನ್ನೂ ದಟ್ಟ ಇರ್ತಾವ, ಅಂದ್ರ ನೀರಿನ ಕೆಳಗ ಎಣ್ಣಿ ಇಟ್ಟಂಗ ಆತು, ಕೆಳಗಿನ ತೆಳುವಾದದ್ದು ಗುಳ್ಳಿ ಗುಳ್ಳಿ ಆಗಿ ಮ್ಯಾಲ ನುಗ್ತದ. ಇದು ಹುಟ್ಟೋದು ಅಯಸ್ಕಾಂತೀಯ ಸಮಭಾಜಕದ ಮ್ಯಾಲ, ಅಂದ್ರ ಭೂಮಿಯ ಅಯಸ್ಕಾಂತ ಬಲ ನೆಲಕ್ಕ ಸಮಾನಾಂತರ ಇರೋ ಗೆರಿ ಮ್ಯಾಲ, ಆ ಗೆರಿ ನಮ್ಮ ದೇಶದ ತೆಂಕಣ ತುದಿ ಹತ್ರ ಹಾಯ್ತದ (1963ರಾಗ ಮೊದಲ ರಾಕೆಟ್ ಹಾರಿಸಾಕ ಕೇರಳದ ‘ತುಂಬಾ’ ಅನ್ನೋ ಊರು ಆರಿಸಿದ್ದು ಅದಕ್ಕ). ಗುಳ್ಳಿ ಎಷ್ಟು ಎತ್ತರ ಏರ್ತದೋ ಅಷ್ಟು ದೂರ ಭೂಮಿಯ ಅಯಸ್ಕಾಂತ ಬಲದ ಗೆರಿ ಹಿಡದು ಉತ್ತರಕ್ಕ ಚಾಚ್ತದ, ಹಂಗ ನಮ್ಮ ನೆತ್ತಿ ಮ್ಯಾಲೂ ಬಂದು ಪಡುವಣದಿಂದ ಮೂಡಣಕ್ಕ ಸರಿತದ.

ಗುಳ್ಳಿ ಒಳಗ ಕೆಲವು ನೂರು ಮೀಟರಿನ ಏರುಪೇರು ಇರ್ತಾವ, ಜಿಪಿಎಸ್ ಅಲಿ ಅದ್ರಾಗ ಚದುರಿ ಕೆಳಗ ಬರೋದ್ರಾಗ ಒಂದಕ್ಕೊಂದು ಕೂಡ್ತಾವ, ಕಳೀತಾವ. ರಿಸೀವರ್ ಅಲಿ ಎಣಿಸೋದು ತಪ್ತದ, ಎಲ್1ದಾಗ (ಜಿಪಿಎಸ್ಸಿನ ಮುಖ್ಯ ಫ್ರೀಕ್ವೆನ್ಸಿ) ಒಂದು ಅಲಿ ಅಂದ್ರ 19 ಸೆಂಟಿಮೀಟರ್, ಎರಡು ತಪ್ಪಿದ್ರ ನನ್ನ ಗೂಟ ಎಲ್ಲಿಗೆ ಹೋತು ನೋಡ್ರಿ. ನನ್ನ ರಿಸೀವರಿನಾಗ ಎರಡು ಫ್ರೀಕ್ವೆನ್ಸಿ ಅದ, ನಡಿತದ ಅಂತ ನಾನೂ ತಿಳದಿದ್ದೆ. ಅದು ಅಯಾನುಗೋಳದಾಗ ಸಿಗ್ನಲ್ ತಡ ಆಗೋದನ್ನ ಕಳೀತದ, ಈ ಮಿಣಕೋದನ್ನಲ್ಲ, ಮತ್ತ ಉಳದ ಫ್ರೀಕ್ವೆನ್ಸಿ ಎಲ್2, ಎಲ್5ಕ್ಕ ಹೊಡತ ಎಲ್1ಕ್ಕಿಂತ ಜಾಸ್ತಿ.

ಸೌರ ಬಿರುಗಾಳಿ ಇದ್ರ ಮಾತ್ರ ಹಿಂಗಾಗ್ತದ ಅಂತ ಭಾಳ ಮಂದಿ ಅಂತಾರ, ಹಂಗಲ್ಲ, ಶಾಂತ ದಿನಾನೂ ಗುಳ್ಳಿ ಏಳ್ತಾವ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ನಮಗ ಕೆಟ್ಟ ಕಾಲ, 2024ರಂಥಾ ಸೂರ್ಯನ ಚಟುವಟಿಕಿ ಜೋರಿರೋ ವರ್ಷ ಇನ್ನೂ ಕೆಟ್ಟದ್ದು.

ಈಗ ಆ ತಿಂಗಳಾಗ ಬದುವಿನ ಪಾಯಿಂಟ್ ಮುಂಜಾನಿನ ತಗೋತೀನಿ. ಸಂಜಿ ತಪ್ಪಂಗಿಲ್ಲ ಅಂದ್ರ ಜಿಪಿಎಸ್ ಜೋಡಿ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂ ಸ್ಯಾಟಲೈಟು ಎಲ್ಲಾ ಚಾಲೂ ಇಡ್ತೀನಿ, ಗುಳ್ಳಿ ಆಕಾಶ ಪೂರಾ ಮುಚ್ಚಲ್ಲ, ಉಳದ ಕಡಿ ಸ್ಯಾಟಲೈಟ್ ಸಿಗ್ತಾವ. ಪ್ರತಿ ಮೂಲಿ ಮುಗದ ಮ್ಯಾಲ ಗೊತ್ತಿರೋ ಒಂದು ಪಾಯಿಂಟಿಗೆ ವಾಪಸ್ ಹೋಗಿ ಚೆಕ್ ಮಾಡ್ತೀನಿ, ಮೂರು ಸೆಂಟಿಮೀಟರ್ ಮ್ಯಾಲ ಫರಕು ಬಂದ್ರ ರಿಸೀವರ್ ಇಟ್ಟು ಟೋಟಲ್ ಸ್ಟೇಷನ್ (ಸ್ಯಾಟಲೈಟ್ ಬೇಕಿಲ್ಲದ, ಬೆಳಕು ಬಿಟ್ಟು ದೂರ-ಕೋನ ಅಳಿಯೋ ಯಂತ್ರ) ತಗೋತೀನಿ.