ಪಿಸ್ಟನ್ ಹಾಕುವ ಮೊದಲು ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ ನೋಡಿ

ಮೊದಲ ಸಲ ಎಂಜಿನ್ ಬಿಚ್ಚಿ ಕಟ್ಟುವವರಿಗೆ ಒಂದು ಮಾತು. ಪಿಸ್ಟನ್‌ಗಳ ಏರಿಳಿತವನ್ನು ಸುತ್ತಾಟವಾಗಿ ಮಾಡುವ ದಂಡವೇ ಕ್ರ್ಯಾಂಕ್. ಅದನ್ನು ಎಂಜಿನ್ ಬ್ಲಾಕ್‌ಗೆ ಹಿಡಿದಿಡುವ ಮೈನ್ ಬೇರಿಂಗ್ ಕ್ಯಾಪ್‌ಗಳನ್ನು ಒಂದೇ ಸಲ ಬಿಗಿ ಮಾಡಿಬಿಡಬೇಡಿ. ಬೇರಿಂಗ್‌ಗೆ ಆಯಿಲ್ ಹಚ್ಚಿ, ಒಂದು ಕ್ಯಾಪ್ ಅನ್ನು ಮ್ಯಾನುವಲ್‌ನಲ್ಲಿ ಹೇಳಿದ ಟಾರ್ಕ್‌ಗೆ (ಬೋಲ್ಟ್ ತಿರುಗಿಸುವ ಬಲದ ಅಳತೆಗೆ) ಬಿಗಿ ಮಾಡಿ, ಕ್ರ್ಯಾಂಕ್ ಅನ್ನು ಪೂರ್ತಿ ಒಂದು ಸುತ್ತು ತಿರುಗಿಸಿ. ಆಮೇಲೆ ಮುಂದಿನ ಕ್ಯಾಪ್. ಯಾವುದರಲ್ಲಿ ಹಿಡಿಯುತ್ತದೋ ತಪ್ಪು ಅಲ್ಲೇ ಇದೆ ಅಂತ ಗೊತ್ತಾಗುತ್ತದೆ, ಅಲ್ವಾ?

ಕಳೆದ ಮಳೆಗಾಲದಲ್ಲಿ ಉಡುಪಿಯ ಮನೆಯ ಶೆಡ್‌ನಲ್ಲಿ ಮಾರುತಿ 800 ಎಂಜಿನ್ ಕಟ್ಟುತ್ತಿದ್ದೆ. ಎರಡು ಕ್ಯಾಪ್ ಆಗುವವರೆಗೂ ಕ್ರ್ಯಾಂಕ್ ಬೆಣ್ಣೆಯ ಹಾಗೆ ತಿರುಗಿತು. ಮೂರನೆಯದಕ್ಕೆ ಗಟ್ಟಿಯಾಯಿತು. ಬಿಚ್ಚಿ ನೋಡಿದರೆ ಬೇರಿಂಗ್ ಶೆಲ್‌ನ (ಕ್ಯಾಪ್ ಒಳಗೆ ಕೂರುವ ತೆಳುವಾದ ಅರ್ಧ ಬಳೆಯಂಥ ಲೋಹದ ಪಟ್ಟಿಯ) ಬೆನ್ನಿಗೆ ಒರೆಸುವ ಬಟ್ಟೆಯ ಒಂದೇ ಒಂದು ನೂಲೆಳೆ ಅಂಟಿತ್ತು! ಕ್ಯಾಪ್ ತಿರುಗಾಮುರುಗಾ ಅಥವಾ ಅದಲುಬದಲಾದರೂ ಹೀಗೇ ಹಿಡಿಯುತ್ತದೆ. ನಂಬರ್, ಬಾಣದ ಗುರುತು ನೋಡಿಯೇ ಕೂರಿಸಿ.

ನಮ್ಮ ಕರಾವಳಿಯ ಉಪ್ಪುಗಾಳಿಗೆ ಜರ್ನಲ್ (ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕ್‌ನ ನುಣುಪು ಭಾಗ) ಒಣಗಿಸಿ ಇಡಲೇಬೇಡಿ, ಬೇಗ ತುಕ್ಕು ಹಿಡಿಯುತ್ತದೆ. ಆಯಿಲ್ ಸವರಿ, ಪ್ಲಾಸ್ಟಿಕ್ ಮುಚ್ಚಿಡಿ.

ಪಿಸ್ಟನ್ ಹಾಕಿದ ಮೇಲೆ ಅದರ ರಿಂಗ್‌ಗಳು ಸಿಲಿಂಡರ್ ಗೋಡೆಗೆ ಉಜ್ಜುವುದರಿಂದ ಸ್ವಲ್ಪ ಬಿಗಿ ಜಾಸ್ತಿಯಾಗುವುದು ಸಹಜ. ಆದರೆ ಒಂದೇ ಜಾಗದಲ್ಲಿ ಟಕ್ಕೆಂದು ನಿಂತರೆ ಬಲ ಹಾಕಬೇಡಿ, ಸ್ಟಾರ್ಟರ್ ಅಂತೂ ಮುಟ್ಟಲೇಬೇಡಿ. ಬಿಚ್ಚಿ ನೋಡಿ.